ಕೊನೆಯ ಮೂರು ನಿಮಿಷ ಬರೀ ದುಡಿ: ‘ಚೋಮನ ದುಡಿ’ಗೆ ನಾನು ಸದ್ದು ಮಾಡಿದ ಕತೆ

ಮೊನ್ನೆ ನಮ್ಮ ನಾಟಕದ 19ನೇ ಪ್ರದರ್ಶನ ಮುಗಿಯಿತು. ಕೊನೆಯ ದುಡಿ (ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯ) ನಿಂತ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಗುಡಿಸಲ ಸೆಟ್ಟಿನ ಹಿಂದೆ ಕೂತು ಮನಸ್ಸಲ್ಲೇ ಎಣಿಸುತ್ತಿದ್ದೆ. ಹನ್ನೊಂದು ಅನ್ನುವಾಗ ಯಾರೋ ಕೆಮ್ಮಿದರು, ಆಮೇಲೆ ಚಪ್ಪಾಳೆ ಶುರುವಾಯಿತು. ಎರಡು ವರ್ಷದ ಹಿಂದೆ ಇದೇ ದೃಶ್ಯಕ್ಕೆ “ಇದು ಆಗ್ಲಿಕ್ಕಿಲ್ಲ ಮಾರಾಯ್ರೆ, ಜನ ಎದ್ದು ಹೋಗ್ತಾರೆ” ಅಂದವರು ಈಗ ಫೋನ್ ಮಾಡಿ, ಹೇಗೆ ಮಾಡಿದ್ದು ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಒಳ್ಳೆಯದು. ಎಲ್ಲವನ್ನೂ ಬರೆಯುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ನಮ್ಮದು ಪುತ್ತೂರು ಕಡೆಯ ಹವ್ಯಾಸಿ ತಂಡ. ನಾನು ಹಿನ್ನೆಲೆಯವನು. ಇಪ್ಪತ್ತು ಚಿಲ್ಲರೆ ವರ್ಷದಿಂದ ಸದ್ದು, ಸಂಗೀತ, ಅಪರೂಪಕ್ಕೆ ಲೈಟು. ಪೋಸ್ಟರಿನಲ್ಲಿ ನಮ್ಮಂಥವರ ಹೆಸರು ಕೊನೆಗೆ, ಪ್ರಿಂಟಿಂಗ್ ಪ್ರೆಸ್ಸಿನ ಹೆಸರಿಗಿಂತ ಒಂದು ಗೆರೆ ಮೇಲೆ ಇರುತ್ತದೆ. ಹಗಲು ಹೊತ್ತು ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ.

ಶಿವರಾಮ ಕಾರಂತರ ಈ ಕಾದಂಬರಿ ಬಂದದ್ದು 1933ರಲ್ಲಿ. ಅವರು ಪುತ್ತೂರಿನ ಬಾಲವನದಲ್ಲಿ ಎಷ್ಟೋ ವರ್ಷ ಇದ್ದವರು. ಹಾಗಾಗಿ ನಮ್ಮ ಊರಲ್ಲಿ ಓದದವರಿಗೂ ಕತೆ ಗೊತ್ತು: ಗದ್ದೆ ಮಾಡುವ ಆಸೆ ಹೊತ್ತ, ಸಾಲದಲ್ಲಿ ಸಿಕ್ಕಿದ ದಲಿತ ಚೋಮ, ದುಃಖವನ್ನೆಲ್ಲ ದುಡಿಯಲ್ಲಿ ಬಾರಿಸುವವನು. ಓದಿದವರ ತಲೆಯಲ್ಲಂತೂ ಬಿ.ವಿ. ಕಾರಂತರ 1975ರ ಸಿನಿಮಾ ಕೂತಿದೆ. ಚೋಮ ಅಂದರೆ ಎಂ.ವಿ. ವಾಸುದೇವ ರಾವ್, ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು, ಎಲ್ಲ ಬಾಯಿಪಾಠ. ಇದನ್ನು ವೇದಿಕೆಗೆ ತರುತ್ತೇವೆ ಅಂದಾಗ ಮೊದಲು ಬಂದ ಪ್ರಶ್ನೆಯೇ “ಸಿನಿಮಾ ಉಂಟಲ್ಲ, ಇನ್ನೆಂತ?”

ರಂಗರೂಪ ಮಾಡಿದ್ದು, ನಿರ್ದೇಶಿಸಿದ್ದು ನಮ್ಮ ಮಾಷ್ಟ್ರು. ಅನುಮತಿಯ ಪತ್ರ ವ್ಯವಹಾರವನ್ನೂ ಅವರೇ ಮುಗಿಸಿದರು. ಕಾದಂಬರಿ ಎತ್ತಿಕೊಳ್ಳುವವರು ತಾಲೀಮಿಗಿಂತ ಮೊದಲು ಆ ಕೆಲಸ ಮಾಡಿಕೊಳ್ಳಿ, ಪೋಸ್ಟರ್ ಅಚ್ಚಾದ ಮೇಲೆ ಅಲ್ಲ. ಅವರ ರಂಗರೂಪ ಸುಮಾರು 1 ಗಂಟೆ 50 ನಿಮಿಷಕ್ಕೆ ಬಂದು ನಿಂತಿತು. ಅದರಲ್ಲಿ ದುಡಿ ಬರುವ ಕಡೆಯಲ್ಲೆಲ್ಲ ಆವರಣದೊಳಗೆ “ಹಿನ್ನೆಲೆಯಲ್ಲಿ ದುಡಿಯ ಸದ್ದು” ಅಂತ ಬರೆದಿದ್ದರು. ಅಷ್ಟೇ! ನನ್ನ ಜಗಳ ಶುರುವಾದದ್ದು ಅಲ್ಲಿಂದ. ಪುಸ್ತಕ ಓದುವಾಗ ದುಡಿ ಎಷ್ಟು ದೂರದಲ್ಲಿದೆ ಅಂತ ನಾವೇ ಅಂದಾಜು ಮಾಡಿಕೊಳ್ಳುತ್ತೇವೆ. ಹಾಲ್‌ನಲ್ಲಿ ಅದನ್ನು ಯಾರಾದರೂ ತೀರ್ಮಾನ ಮಾಡಬೇಕಲ್ಲ? ಎರಡು ಕಪ್ಪು ಪೆಟ್ಟಿಗೆಯಿಂದ ಬಂದರೆ ಅದು ಎಲ್ಲಿಯ ದುಡಿಯೂ ಅಲ್ಲ.

ಆದರೆ ಮೊದಲು ನಾನೂ ರೆಕಾರ್ಡಿಂಗ್ ಮಾಡಿಸಿದವನೇ. ಮಂಗಳೂರಿನ ಒಂದು ಸ್ಟುಡಿಯೋದಲ್ಲಿ ಮೂರು ಗಂಟೆ, ಬಾರಿಸಿದವರಿಗೆ ಸೇರಿ ಆರು ಸಾವಿರದ ಮೇಲಾಯಿತು. ಸದ್ದು ಕನ್ನಡಿಯ ಹಾಗೆ ಸ್ವಚ್ಛ. ಪಕ್ಕದ ಊರಲ್ಲಿ ದುಡಿ ಬಾರಿಸುವ ಅಜ್ಜ ಒಬ್ಬರಿದ್ದಾರೆ, ಎಪ್ಪತ್ತರ ಹತ್ತಿರದ ವಯಸ್ಸು. ಅವರಿಗೆ ಕೇಳಿಸಿದೆ. ಪೂರ್ತಿ ಕೇಳಿ, ಎಲೆ ಅಡಿಕೆ ಉಗಿದು ಬಂದು ಹೇಳಿದರು: “ಇದು ಹೊಟ್ಟೆ ತುಂಬ ಉಂಡು ಬಾರಿಸಿದ್ದು.”

ನನಗೆ ಸಿಟ್ಟು ಬಂತು. ಆರು ಸಾವಿರ ಹೋಗಿತ್ತು, ಸಿಟ್ಟು ಬರದೇ ಇರುತ್ತದಾ? ಆ ರೆಕಾರ್ಡನ್ನೇ ಹಾಕಿ ಎರಡು ಪ್ರದರ್ಶನ ಮಾಡಿದೆವು. ಎರಡನೆಯದು ಒಂದು ಸ್ಪರ್ಧೆ. ಅಲ್ಲಿಯ ಸೌಂಡಿನ ಹುಡುಗ ಪೆನ್‌ಡ್ರೈವ್ ಹಾಕಿದ, ಲ್ಯಾಪ್‌ಟಾಪ್ ಓದಲಿಲ್ಲ. ಮೂರನೇ ಸಲ ಓದಿತು, ಆದರೆ ತಪ್ಪು ಫೈಲ್. ಚೋಮ ಕಣ್ಣೀರು ಹಾಕಿ ಬಾಗಿಲು ಮುಚ್ಚುತ್ತಾನೆ, ಸ್ಪೀಕರಿನಲ್ಲಿ ಎಸ್ಟೇಟಿನ ಹಕ್ಕಿಗಳು ಕೂಗುತ್ತವೆ. ಬಹುಮಾನದ ಮಾತು ಬಿಡಿ, ಊರಿಗೆ ವಾಪಸು ಬರುವಾಗ ವ್ಯಾನಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ.

ಮುಂದಿನ ಉಪಾಯ, ನಟನೇ ಬಾರಿಸುವುದು. ನಮ್ಮ ಚೋಮ ಬಸ್ ಡ್ರೈವರ್. ಒಳ್ಳೆಯ ನಟ, ಆದರೆ ತಾಳ ಅನ್ನುವುದು ಅವರ ಕೈಯಲ್ಲಿ ಬರುವುದೇ ಇಲ್ಲ. ನಾಲ್ಕು ತಿಂಗಳು ಕಲಿತರು. ಬಾರಿಸುವಾಗ ಮುಖದಲ್ಲಿ ಚೋಮ ಇರುತ್ತಿರಲಿಲ್ಲ, ಲೆಕ್ಕ ಮಾಡುವ ಮನುಷ್ಯ ಇರುತ್ತಿದ್ದ. ಆಮೇಲೆ ನಟನ ಕೈಯಲ್ಲಿ ಸುಮ್ನೆ ದುಡಿ ಕೊಟ್ಟು ಅಜ್ಜನನ್ನು ಹಾಲ್‌ನ ಹಿಂದಿನ ಬಾಗಿಲಲ್ಲಿ ನಿಲ್ಲಿಸಿದೆ. ಅದೂ ಕೆಟ್ಟಿತು. ತೊಂಬತ್ತು ಅಡಿ ದೂರದಿಂದ ಸದ್ದು ಬರಲು ಕಣ್ಣಿಗೆ ಗೊತ್ತಾಗುವಷ್ಟು ತಡ ಆಗುತ್ತದೆ. ಕೈ ಮೊದಲು, ಪೆಟ್ಟು ಆಮೇಲೆ. ಡಬ್ಬಿಂಗ್ ತಪ್ಪಿದ ಸಿನಿಮಾದ ಹಾಗೆ. ಮುಂದಿನ ಸಾಲಿನವರು ನಕ್ಕರು.

ಆ ನಗು ಕೇಳಿದ ರಾತ್ರಿಯೇ ನನಗೆ ಹೊಳೆದದ್ದು: ಚೋಮನ ಕೈಯಲ್ಲಿ ದುಡಿ ಯಾಕೆ ಬೇಕು? ಗುಡಿಸಲ ಕಂಬದಲ್ಲಿ ಒಂದು ದುಡಿ ನೇತು ಹಾಕಿ. ಅದನ್ನು ಅವನು ನೋಡುತ್ತಾನೆ, ಮುಟ್ಟುತ್ತಾನೆ, ಒಮ್ಮೆ ಕೆಳಗಿಳಿಸಿ ಮತ್ತೆ ನೇತು ಹಾಕುತ್ತಾನೆ. ಬಾರಿಸುವುದೇ ಇಲ್ಲ. ಸದ್ದು ಬೇರೆ ಕಡೆಯಿಂದ ಬರುತ್ತದೆ, ಮತ್ತು ಪ್ರತಿ ಸಲವೂ ಒಂದಿಷ್ಟು ಹತ್ತಿರ ಬರುತ್ತದೆ. ಮೊದಲ ಸಲ ಹಾಲ್‌ನ ಗೇಟಿನ ಹೊರಗೆ, ನಾಟಕ ಶುರುವಾಗುವ ಥರ್ಡ್ ಬೆಲ್‌ಗೂ ಮೊದಲು. ಟಿಕೆಟ್ ಹರಿಸುತ್ತಾ ನಿಂತವರು ಎಲ್ಲೋ ಭೂತಕೋಲ ಇರಬೇಕು ಅಂದುಕೊಳ್ಳುತ್ತಾರೆ. ಮಕ್ಕಳನ್ನು ಸಾಲ ತೀರಿಸಲು ಎಸ್ಟೇಟಿಗೆ ಕಳಿಸಿದ ಮೇಲೆ ಪ್ರೇಕ್ಷಕರ ಬೆನ್ನ ಹಿಂದೆ. ಮಗ ಚನಿಯ ಜ್ವರದಲ್ಲಿ ಸತ್ತ ಮೇಲೆ ವೇದಿಕೆ ಪಕ್ಕದ ಮರೆಯಲ್ಲಿ, ಸೈಡ್ ವಿಂಗ್‌ನಲ್ಲಿ. ಕೊನೆಗೆ ಗುಡಿಸಲ ಒಳಗೇ. ಚೋಮ ಎತ್ತುಗಳನ್ನು ಬಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನಲ್ಲ, ಆಗ ಲೈಟ್ ಪೂರ್ತಿ ತೆಗೆದು ಮೂರು ನಿಮಿಷ ಬರೀ ದುಡಿ.

ಮಾಷ್ಟ್ರು ಕೇಳಿ ಕನ್ನಡಕ ತೆಗೆದರು. “ಮೂರು ನಿಮಿಷ ಕತ್ತಲೆ ಕೊಟ್ಟರೆ ನಾಲ್ಕನೇ ಸೆಕೆಂಡಿಗೆ ಮೊಬೈಲ್ ಹೊರಗೆ ಬರ್ತದೆ” ಅಂದರು. ಲೈಟಿನವನಿಗೂ ಬೇಜಾರು. ಕೊನೆಯ ದೃಶ್ಯಕ್ಕೆ ಅಂತಲೇ ಅವನು ಕೆಂಪು ಪಾರ್‌ಕ್ಯಾನ್ ದೀಪ ಎರಡು ಬಾಡಿಗೆಗೆ ಹೇಳಿದ್ದ. “ನೀವು ಸದ್ದಿನವರು, ನಿಮಗೆ ಕತ್ತಲೆ ಆದರೆ ಖುಷಿ” ಅಂದ. ಸುಳ್ಳಲ್ಲ.

ಇದರಲ್ಲಿ ಒಂದು ಪಾಲು ನನ್ನ ಸ್ವಂತದ್ದಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು ರಾತ್ರಿಯಿಡೀ, ಒಂಬತ್ತು ಗಂಟೆ ಆಡಿಸಿದ್ದು ನಿಮಗೆ ಗೊತ್ತು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಶುರುವಾದದ್ದು, ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ, ಹಂಸಲೇಖ ಸಂಗೀತ. ನಾನು ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ನೋಡಿದೆ. ಜನ ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗುತ್ತಿದ್ದರು. ನಾನು ಚಾ ಕುಡಿಯಲು ಹಿಂದೆ ಉಳಿದಿದ್ದೆ. ಮರಗಳ ಆಚೆಯಿಂದ ಮುಂದಿನ ರಂಗದ ಸದ್ದು ಬಂತು. ಏನೂ ಕಾಣುತ್ತಿಲ್ಲ, ಆದರೆ ಕಾಲು ತಾನಾಗಿ ಆ ಕಡೆ ಹೊರಟಿತು. ಅವರ ಹತ್ತಿರ ಮರ, ಇಳಿಜಾರು, ಆಕಾಶ ಎಲ್ಲ ಇತ್ತು. ನನ್ನ ಹತ್ತಿರ ಒಂದು ಸಮುದಾಯ ಭವನ. ಅಲ್ಲಿ ಜನ ನಡೆದರು, ಇಲ್ಲಿ ಅಜ್ಜ ನಡೆಯಬೇಕು, ಅಷ್ಟೇ ವ್ಯತ್ಯಾಸ.

ಅಜ್ಜ ಒಬ್ಬರೇ ಹಾಲ್ ಸುತ್ತ ಓಡಲು ಆಗುವುದಿಲ್ಲ. ಮೊದಲ ಎರಡು ಜಾಗಕ್ಕೆ ಅವರ ಮೊಮ್ಮಗ, ಕೊನೆಯ ಎರಡಕ್ಕೆ ಅವರು. ಗುಡಿಸಲು ಬಿದಿರಿನ ತಟ್ಟಿಯದು, ಒಳಗೆ ಯಾರಿದ್ದರೂ ಬೆಳಕಿಗೆ ಕಾಣುತ್ತದೆ. ಹಾಗಿದ್ದರೂ ಅವರು ಯಾವಾಗ, ಹೇಗೆ ಒಳಗೆ ಹೋದರು ಅಂತ ಈವರೆಗೆ ಯಾವ ಪ್ರೇಕ್ಷಕನೂ ಕಂಡುಹಿಡಿದಿಲ್ಲ. ಅದನ್ನು ಹೇಳುವುದಿಲ್ಲ. ಬಂದು ನೋಡಿ, ಗೊತ್ತಾದರೆ ಚಾ ಕುಡಿಸುತ್ತೇನೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಅಲ್ಲೂ ಜಗಳ ಆಯಿತು. ಮೊದಲ ವರ್ಷದ ಒಟ್ಟು ಖರ್ಚು ಎಪ್ಪತ್ತು, ಎಪ್ಪತ್ತೈದು ಸಾವಿರ ಇರಬಹುದು. ಹಾಲ್ ಬಾಡಿಗೆ ಒಂದು ದಿನಕ್ಕೆ ಎಂಟೋ ಒಂಬತ್ತೋ ಸಾವಿರ, ಸೌಂಡ್ ಸೆಟ್‌ಗೆ ಹತ್ತರ ಮೇಲೆ, ಬಿದಿರು, ತಟ್ಟಿ, ಬಟ್ಟೆಗೆ ಹದಿನೈದು. ಅಜ್ಜನಿಗೆ ಪ್ರದರ್ಶನಕ್ಕೆ ಎರಡು ಸಾವಿರ, ಮೊಮ್ಮಗನಿಗೆ ಒಂದು ಅಂತ ನಾನು ಹೇಳಿದೆ. “ನಟರೇ ಪುಕ್ಕಟೆ ಮಾಡುವಾಗ ಅವರಿಗೆ ಯಾಕೆ?” ಅಂತ ಕಮಿಟಿಯಲ್ಲಿ ಒಬ್ಬರು ಎದ್ದು ನಿಂತರು. ನಾವು ಆಡುತ್ತಿರುವ ಕತೆ ಯಾವುದು ಸ್ವಾಮಿ ಅಂತ ಕೇಳಿದೆ. ಒಂದು ತುಂಡು ಗದ್ದೆಯನ್ನು ಗೇಣಿಗೆ ಮಾಡುವ ಆಸೆ ಇಟ್ಟುಕೊಂಡವನಿಗೆ, ಜಾತಿ ನೋಡಿ ಆಗುವುದಿಲ್ಲ ಅಂದ ಕತೆ. ಅದೇ ಜನರ ಕೈಯಲ್ಲಿ ಬಿಟ್ಟಿ ದುಡಿ ಬಾರಿಸಿಕೊಂಡು ಆ ಕತೆ ಆಡುವುದಾ? ಸಭೆ ಸುಮ್ಮನಾಯಿತು. ಸೌಂಡ್ ಬಾಡಿಗೆಯಲ್ಲಿ ಉಳಿದ ದುಡ್ಡೇ ಅವರಿಗೆ ಹೋಯಿತು. ಈಗ ನನಗೆ ಬೇಕಾದದ್ದು ನಟರಿಗೆ ನೇತು ಹಾಕುವ ಮೂರು ಮೈಕ್ ಮಾತ್ರ. ದುಡಿಗೆ ಮೈಕೇ ಇಲ್ಲ.

ಎತ್ತುಗಳದ್ದು ಇನ್ನೊಂದು ಗೋಳು. ಇಬ್ಬರು ಹುಡುಗರಿಗೆ ಕೊಂಬು ಕಟ್ಟಿ ನೋಡಿದೆವು, ಶಾಲೆಯ ವಾರ್ಷಿಕೋತ್ಸವ ಆಯಿತು. ಆಮೇಲೆ ಕೊರಳ ಗಂಟೆ ಮಾತ್ರ ಇಟ್ಟೆ. ಎರಡು ಮರದ ಗಂಟೆ, ಒಂದರ ಸ್ವರ ತಗ್ಗು, ಒಂದರದ್ದು ಸ್ವಲ್ಪ ಏರು. ಎತ್ತು ಕಾಣುವುದಿಲ್ಲ. ಚೋಮ ಗಾಳಿಯಲ್ಲಿ ಬೆನ್ನು ಸವರುತ್ತಾನೆ, ಗಂಟೆ ಅಲ್ಲಾಡುತ್ತದೆ. ಕೊನೆಗೆ ಬಿಟ್ಟಾಗ ಹುಡುಗರು ಕತ್ತಲಲ್ಲಿ ಗಂಟೆ ಹಿಡಿದು ಪ್ರೇಕ್ಷಕರ ನಡುವೆಯೇ ಓಡಿ ಹೊರಗೆ ಹೋಗುತ್ತಾರೆ. ಒಂದು ಸಲ ಒಬ್ಬ ಕೇಬಲ್ ಎಡವಿ ಬಿದ್ದ. ಒಂದೇ ಎತ್ತು ಹೊರಗೆ ಹೋಯಿತು. ಆಮೇಲೆ ಒಬ್ಬ ಪ್ರಾಧ್ಯಾಪಕರು ಬಂದು, ಒಂದು ಎತ್ತು ಹೋಗಲು ಮನಸ್ಸು ಮಾಡದೆ ನಿಂತದ್ದು ಅದ್ಭುತ ಅಂದರು. ನಾನು ಕೈ ಮುಗಿದೆ.

ಮಳೆಗೆ ಅಡಿಕೆ ಹಾಳೆ. ಒಣ ಹಾಳೆಯ ಮೇಲೆ ಭತ್ತ ಸುರಿದರೆ ತೆಳು ಮಳೆ, ಹುರುಳಿ ಸುರಿದರೆ ಆಷಾಢ. ನಾಲ್ಕು ಹಾಳೆ, ನಾಲ್ಕು ಜನ, ಖರ್ಚು ಸೊನ್ನೆ. ಚೋಮನ ಮಗ ನೀಲ ನೀರಲ್ಲಿ ಮುಳುಗುವ ದೃಶ್ಯಕ್ಕೆ ತಾಮ್ರದ ಹಂಡೆ ತುಂಬಿಸಿ ಕೈಯಾಡಿಸಿದೆವು. ಬಚ್ಚಲುಮನೆಯ ಸದ್ದು ಬಂತು. ಬಕೆಟ್, ಡ್ರಮ್, ಪ್ಲಾಸ್ಟಿಕ್ ಟಬ್, ಒಂದು ವಾರ ವಿಂಗ್ ತುಂಬ ನೀರು. ಆಮೇಲೆ ನೀರೇ ಬೇಡ ಅಂದೆ. ದಡದಲ್ಲಿ ಅಷ್ಟು ಜನ ನಿಂತು ಮೈಲಿಗೆಯ ಲೆಕ್ಕ ಹಾಕುತ್ತಿರುವಾಗ ಹಾಳೆಯ ಮಳೆ ಒಮ್ಮೆಲೇ ನಿಲ್ಲುತ್ತದೆ. ಅಲ್ಲಿಯವರೆಗೆ ಮಳೆ ಬರುತ್ತಿತ್ತು ಅಂತ ಜನರಿಗೆ ನೆನಪಾಗುವುದೇ ಆಗ.

ಕತ್ತಲೆಯ ಮೂರು ನಿಮಿಷ ಮೊದಲ ಸಲ ಸೋತಿತು, ಅದನ್ನೂ ಹೇಳಬೇಕು. ನಾನು ತಾಳದ 64 ಆವರ್ತ ಅಂತ ಎಣಿಕೆ ಹಾಕಿ ಕೊಟ್ಟಿದ್ದೆ. ಲೈಟಿನವನು ಎಣಿಸುತ್ತಿದ್ದ, ಪರದೆಯವನು ಎಣಿಸುತ್ತಿದ್ದ, ಅಜ್ಜನೂ ಪಾಪ ಎಣಿಸುತ್ತಿದ್ದರು. ಮುಗಿಯುತ್ತಾ ಬಂದದ್ದು ಪ್ರೇಕ್ಷಕರಿಗೂ ಗೊತ್ತಾಯಿತು. ಮಾಷ್ಟ್ರು ಹೇಳಿದ ಹಾಗೆಯೇ ಮೂರು ಮೊಬೈಲ್ ಬೆಳಗಿದವು, ನಾನೇ ನೋಡಿದೆ. ಮುಂದಿನ ಪ್ರದರ್ಶನಕ್ಕೆ ಎಣಿಕೆ ತೆಗೆದು ಹಾಕಿದೆ. ಯಾವಾಗ ನಿಲ್ಲಿಸುವುದು ಅಂತ ಅಜ್ಜನಿಗೆ ಬಿಟ್ಟದ್ದು. ಯಾರಿಗೂ ಕ್ಯೂ ಇಲ್ಲ, ನನಗೂ ಇಲ್ಲ. ಒಮ್ಮೆ ಎರಡೂವರೆ ನಿಮಿಷಕ್ಕೇ ನಿಲ್ಲಿಸಿದರು, ಇನ್ನೊಮ್ಮೆ ನಾಲ್ಕು ದಾಟಿತು. ಆವತ್ತು ವಿಂಗ್‌ನಲ್ಲಿ ನಮ್ಮ ಡ್ರೈವರ್ ಚೋಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಿಲ್ಲುವುದು ಯಾವಾಗ ಅಂತ ವೇದಿಕೆಯವರಿಗೇ ಗೊತ್ತಿಲ್ಲದಿದ್ದರೆ ಹಾಲ್‌ನಲ್ಲಿ ಯಾರೂ ಮೊಬೈಲ್ ಮುಟ್ಟುವುದಿಲ್ಲ. ಮಾಷ್ಟ್ರು ಇದನ್ನು ಈಗ ಕಾಲೇಜು ಮಕ್ಕಳ ಶಿಬಿರಗಳಲ್ಲಿ ತಮ್ಮದೇ ಐಡಿಯಾ ಅನ್ನುವ ಹಾಗೆ ವಿವರಿಸುತ್ತಾರೆ. ಇರಲಿ.

ಚರ್ಮದ ಕಾಟ ಗೊತ್ತಿದ್ದದ್ದೇ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುಡಿ ಒದ್ದೆ ಚಾಪೆಯ ಹಾಗೆ ಬೊದ್ದು ಬೊದ್ದು ಅನ್ನುತ್ತದೆ. ಹಗ್ಗ ಎಷ್ಟು ಬಿಗಿದರೂ ಅಷ್ಟೇ. ಅಜ್ಜನಿಗೆ ಕಾಯಿಸಲು ಬೆಂಕಿ ಬೇಕು, ಹಾಲ್‌ನವರು ಬೆಂಕಿಕಡ್ಡಿ ಗೀರಲೂ ಬಿಡುವುದಿಲ್ಲ. ಹಲಗೆಯ ಪೆಟ್ಟಿಗೆಗೆ ಹಳೇ 60 ವ್ಯಾಟಿನ ಬಲ್ಬ್ ಕೂರಿಸಿ, ಮೇಲೆ ಜಾಲರಿ ಇಟ್ಟು, ಅದರ ಮೇಲೆ ದುಡಿ. ಇಪ್ಪತ್ತು ನಿಮಿಷ ಸಾಕು. ಸುಳ್ಯದ ಕಡೆ ಒಂದು ಪ್ರದರ್ಶನದಲ್ಲಿ ಮಾತಾಡುತ್ತಾ ಮರೆತುಬಿಟ್ಟೆ. ಮುಕ್ಕಾಲು ಗಂಟೆಯ ಮೇಲೆ ಪಟ್ ಅಂತ ಸದ್ದು, ಚರ್ಮ ಹರಿದಿತ್ತು. ಹೊಸ ಚರ್ಮ ಹಾಕಿಸಲು 1,800 ಕೈಯಿಂದ ಕೊಟ್ಟೆ. ಪ್ಲಾಸ್ಟಿಕ್ ಹಾಳೆ ಬಿಗಿದೂ ನೋಡಿದ್ದೇನೆ. ಸದ್ದು ಜೋರು, ಆದರೆ ಅಜ್ಜ ಒಂದು ಪೆಟ್ಟು ಹಾಕಿ ಅದನ್ನು ನನ್ನ ಮಡಿಲಲ್ಲಿಟ್ಟು ಬೀಡಿ ಹಚ್ಚಲು ಹೊರಗೆ ಹೋದರು. ಆ ಪ್ರಯೋಗ ಅಲ್ಲಿಗೆ ಮುಗಿಯಿತು.

ಮುಂದಿನ ತಿಂಗಳ ಪ್ರದರ್ಶನ ಬೆಂಗಳೂರಿನಲ್ಲಿ, ಎಸಿ ಹಾಲ್. ಒಣ ಗಾಳಿಗೆ ಚರ್ಮ ತಾನಾಗಿ ಏರುತ್ತದೆ, ಅಲ್ಲಿ ಬಲ್ಬ್ ಪೆಟ್ಟಿಗೆಗಿಂತ ಒದ್ದೆ ಬಟ್ಟೆಯೇ ಬೇಕಾಗಬಹುದು. ಗೇಟಿನ ಹೊರಗೆ ಬಾರಿಸಲು ಪೊಲೀಸರ ಒಪ್ಪಿಗೆ ಬೇಕಾ ಅಂತ ಇನ್ನೂ ಕೇಳಿಲ್ಲ. ಪೋಸ್ಟರಿನ ಪ್ರೂಫ್ ನಿನ್ನೆ ಬಂತು. ಅಜ್ಜನ ಹೆಸರು ಚೋಮನ ಹೆಸರಿನ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿದೆ. ನನ್ನದು ಪ್ರೆಸ್ಸಿನ ಹೆಸರಿಗಿಂತ ಒಂದು ಗೆರೆ ಮೇಲೆ.