ಬ್ಯಾಟರಿ, ಆಲ್ಟರ್ನೇಟರ್ ಎರಡೂ ಹೊಸದು, ಆದರೂ ಚಾರ್ಜ್ ಆಗದ ಕಾರು

ಕಾರಿನ ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಮೊದಲು ಬ್ಯಾಟರಿಯನ್ನು, ಅದರಿಂದಲೂ ಸರಿಹೋಗದಿದ್ದರೆ ಎಂಜಿನ್ ಓಡುವಾಗ ಅದನ್ನು ಚಾರ್ಜ್ ಮಾಡುವ, ಗ್ಯಾರೇಜುಗಳಲ್ಲಿ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರನ್ನು ಬದಲಾಯಿಸುವುದು ವಾಡಿಕೆ. ಎರಡೂ ಹೊಸದಾದ ಮೇಲೂ ದೋಷ ಉಳಿದಿದ್ದರೆ, ಇವೆರಡರ ನಡುವಿನ ತಂತಿ, ಫ್ಯೂಸ್ ಮತ್ತು ಅರ್ಥಿಂಗ್ ಮೇಲೆ ಅನುಮಾನ ಪಡಬೇಕು. ಇದಕ್ಕೆ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು.

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಆಗಿದೆ ಎಂದೂ, 12.2 ತೋರಿಸಿದರೆ ಅರ್ಧದಷ್ಟು ಉಳಿದಿದೆ ಎಂದೂ ತಿಳಿಯಬಹುದು. ಇಳಿದ ಬ್ಯಾಟರಿಯನ್ನಿಟ್ಟುಕೊಂಡು ಮುಂದುವರಿದರೆ ಮುಂದಿನ ಅಂಕಿಗಳೆಲ್ಲ ದಾರಿ ತಪ್ಪಿಸುತ್ತವೆ. ಆದ್ದರಿಂದ ಅದನ್ನು ಹೊರಗಿನ ಚಾರ್ಜರಿನಿಂದ ತುಂಬಿಸಿಕೊಳ್ಳಬೇಕು. ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟ್ ಸಡಿಲವಾಗಿಲ್ಲ, ಹೊಳಪುಗಟ್ಟಿ ಜಾರುತ್ತಿಲ್ಲ ಎಂಬುದನ್ನೂ ಆಗಲೇ ನೋಡಿಕೊಳ್ಳಿ. ಬಳಿಕ ಎಂಜಿನ್ ಚಾಲೂ ಮಾಡಿ, ವೇಗವನ್ನು ತುಸು ಏರಿಸಿ, ಹೆಡ್‌ಲೈಟ್ ಮತ್ತು ಏಸಿಯ ಬ್ಲೋವರ್ ಹಾಕಿ ಬ್ಯಾಟರಿಯಲ್ಲಿ ಅಳೆದಾಗ 13.8ರಿಂದ 14.5 ವೋಲ್ಟ್ ಬರಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿರುವ ಸಂಭವವೇ ಹೆಚ್ಚು. ಇತ್ತೀಚಿನ ಹಲವು ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರೇ ನಿಯಂತ್ರಿಸಿ ಕೆಲವೊಮ್ಮೆ ಬೇಕೆಂದೇ ತಗ್ಗಿಸುವುದರಿಂದ, ಅಂಥವುಗಳಲ್ಲಿ ಒಂದೇ ಅಳತೆಯನ್ನು ನಂಬಿ ತೀರ್ಮಾನಕ್ಕೆ ಬರಬಾರದು.

ವೋಲ್ಟೇಜ್ 13ರ ಆಸುಪಾಸಿನಲ್ಲೇ ನಿಂತರೆ ಅದು ಎಲ್ಲಿ ಸೋರಿಹೋಗುತ್ತಿದೆ ಎಂದು ಹುಡುಕಬೇಕು. ಎಂಜಿನ್ ಓಡುತ್ತಿರುವಾಗಲೇ, ದೀಪಗಳು ಉರಿಯುತ್ತಿರುವಾಗಲೇ, ಮೀಟರಿನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ತಂತಿ ಕೂರುವ ಬೋಲ್ಟಿನ ತುದಿಗೂ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಒತ್ತಿಹಿಡಿಯಿರಿ. ಕಡ್ಡಿ ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ ತಾಗಬೇಕು, ಏಕೆಂದರೆ ದೋಷ ಅವೆರಡರ ನಡುವೆಯೇ ಇರಬಹುದು. ಇಲ್ಲಿ 0.3 ವೋಲ್ಟಿಗಿಂತ ಹೆಚ್ಚು ಕಂಡರೆ, ಕಪ್ಪು ಕಡ್ಡಿಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ, ಅಂದರೆ ಕ್ಲಾಂಪಿಗೆ, ಮುಖ್ಯ ಫ್ಯೂಸಿನ ಆಚೆಗೆ, ಈಚೆಗೆ ಸರಿಸುತ್ತ ಬನ್ನಿ. ಎಲ್ಲಿ ಅಂಕಿ ಥಟ್ಟನೆ ಇಳಿಯುತ್ತದೋ ದೋಷ ಅಲ್ಲಿಯೇ ಇದೆ. ನೆಗೆಟಿವ್ ಬದಿಯಲ್ಲಿ ಆಲ್ಟರ್ನೇಟರಿನ ಮೈ ಮತ್ತು ಬ್ಯಾಟರಿಯ ನೆಗೆಟಿವ್ ಕಂಬದ ನಡುವೆ 0.2 ವೋಲ್ಟ್ ಮೀರಬಾರದು.

ತಂತಿಯನ್ನು ಬಿಚ್ಚಿ ಓಮ್‌ನಲ್ಲಿ ಅಳೆದು "ಸರಿಯಿದೆ" ಎನ್ನುವವರೇ ಹೆಚ್ಚು. ನನ್ನ ಪ್ರಕಾರ ಈ ದೋಷ ವರ್ಷಗಟ್ಟಲೆ ಸಿಗದೆ ಉಳಿಯುವುದು ಇದರಿಂದಲೇ. 0.02 ಓಮ್ ತಡೆಯನ್ನು ಸಾಧಾರಣ ಮೀಟರ್ ಗುರುತಿಸಲಾರದು, ಅದರ ಕಡ್ಡಿಗಳ ತಡೆಯೇ ಅದಕ್ಕಿಂತ ಹೆಚ್ಚಿರುತ್ತದೆ. ಅದೇ ತಂತಿಯಲ್ಲಿ 40 ಆಂಪಿಯರ್ ಹರಿದಾಗ ಮಾತ್ರ 0.8 ವೋಲ್ಟ್ ಕಳೆದುಹೋಗುತ್ತದೆ.

ಎಂಜಿನ್ನಿನಿಂದ ಕಾರಿನ ಬಾಡಿಯವರೆಗೆ ಹೋಗುವ ಅರ್ಥ್ ಪಟ್ಟಿಯನ್ನು ವಿಶೇಷವಾಗಿ ಗಮನಿಸಬೇಕು, ಅದರಲ್ಲೂ ಉಪ್ಪುಗಾಳಿಯ ಕರಾವಳಿಯ ಕಾರುಗಳಲ್ಲಿ. ಹೊರಗಿನಿಂದ ನೋಡಿದರೆ ಬೋಲ್ಟ್ ಬಿಗಿಯಾಗಿಯೇ ಇರುತ್ತದೆ. ಬಿಚ್ಚಿದಾಗ ಲಗ್‌ನ (ತಂತಿಯ ತುದಿಯ ಲೋಹದ ಬಳೆಯ) ಅಡಿಯಲ್ಲಿ ತುಕ್ಕೋ ಬಣ್ಣದ ಪದರವೋ ಕಾಣುತ್ತದೆ, ರಬ್ಬರ್ ಹೊದಿಕೆಯನ್ನು ತುಸು ಹಿಂದೆ ಸರಿಸಿದರೆ ತಾಮ್ರದ ಎಳೆಗಳು ಹಸಿರುಗಟ್ಟಿ ಬೆರಳಿಗೆ ಪುಡಿಯಾಗಿ ಅಂಟುತ್ತವೆ. ಅಂಥ ತಂತಿಯನ್ನು ಉಜ್ಜಿ ಉಳಿಸಿಕೊಳ್ಳುವ ಬದಲು ಹೊಸದು ಹಾಕುವುದೇ ಲೇಸು. ಬಿಚ್ಚುವ ಮೊದಲು ಎಂಜಿನ್ ನಿಲ್ಲಿಸಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಯಬೇಕು. ಎಂಜಿನ್ ಓಡುತ್ತಿರುವಾಗ ಟರ್ಮಿನಲ್ ಕಿತ್ತು ನೋಡುವ ಹಳೆಯ ಪರೀಕ್ಷೆಯನ್ನು ಯಾರೇ ಹೇಳಿದರೂ ಮಾಡಬೇಡಿ. ಆಗ ಏಳುವ ವೋಲ್ಟೇಜಿಗೆ ಕಂಪ್ಯೂಟರ್ ಸುಟ್ಟುಹೋಗಬಹುದು.

ತಂತಿಗಳೆಲ್ಲ ಸರಿಯಿದ್ದರೆ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪವನ್ನು ನೋಡಿ. ಕೀ ತಿರುಗಿಸಿದೊಡನೆ, ಎಂಜಿನ್ ಚಾಲೂ ಆಗುವ ಮೊದಲೇ ಅದು ಉರಿಯಬೇಕು. ಹಳೆಯ ಕಾರುಗಳಲ್ಲಿ ಆ ದೀಪದ ಮೂಲಕ ಬರುವ ಅಲ್ಪ ಕರೆಂಟೇ ಆಲ್ಟರ್ನೇಟರಿನೊಳಗೆ ತಿರುಗುವ ರೋಟರಿಗೆ ಮೊದಲ ಕಾಂತತ್ವ ಕೊಡುವುದರಿಂದ, ಬಲ್ಬ್ ಸುಟ್ಟಿದ್ದರೆ ಎಂಜಿನ್ ವೇಗ ಚೆನ್ನಾಗಿ ಏರುವವರೆಗೆ ಚಾರ್ಜಿಂಗ್ ಶುರುವಾಗದೇ ಇರಬಹುದು. ಇನ್ನು ಮೀಟರನ್ನು ಏಸಿ (ಪರ್ಯಾಯ ವಿದ್ಯುತ್ತಿನ) ವೋಲ್ಟಿಗೆ ತಿರುಗಿಸಿ, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಅಳೆದರೆ 0.5ಕ್ಕಿಂತ ಹೆಚ್ಚು ಬಂದಲ್ಲಿ ಆಲ್ಟರ್ನೇಟರಿನೊಳಗೆ ಏಸಿಯನ್ನು ಡಿಸಿಯಾಗಿಸುವ ಡಯೋಡ್ ಕೆಟ್ಟಿದೆ ಎಂದರ್ಥ, ಆಲ್ಟರ್ನೇಟರ್ ಹೊಸದಾಗಿದ್ದರೂ ಸರಿಯೇ.

ಚಾರ್ಜಿಂಗ್ ಎಲ್ಲ ಬಗೆಯಲ್ಲೂ ಸರಿಯಿದ್ದು ಬೆಳಿಗ್ಗೆ ಮಾತ್ರ ಸೆಲ್ಫ್ ಎತ್ತದಿದ್ದರೆ ಅದು ಬೇರೆಯೇ ದೋಷ: ನಿಂತ ಕಾರಿನಲ್ಲೂ ಏನೋ ಒಂದು ಕರೆಂಟ್ ಎಳೆಯುತ್ತಿರಬಹುದು. ಕಾರನ್ನು ಲಾಕ್ ಮಾಡಿ ಅರ್ಧ ಗಂಟೆಯಾದರೂ ಬಿಟ್ಟು, ನೆಗೆಟಿವ್ ತಂತಿಯ ಸಾಲಿನಲ್ಲಿ (ತಂತಿಗೂ ಕಂಬಕ್ಕೂ ನಡುವೆ ಮೀಟರ್ ಸೇರಿಸಿ) ಆಂಪಿಯರ್ ಅಳೆಯಿರಿ. 50 ಮಿಲಿಆಂಪಿಯರ್ ಮೀರಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಯಾವುದನ್ನು ತೆಗೆದಾಗ ಅಂಕಿ ಇಳಿಯುತ್ತದೆ ಎಂದು ನೋಡಿ, ಆ ಸಾಲಿನಲ್ಲಿರುವ ಉಪಕರಣಗಳನ್ನು ಪರೀಕ್ಷಿಸಿ.