ಹೊಸಬರಿಗೆ ಮಾರ್ಗದರ್ಶಿ: ಅಕ್ಕಪಕ್ಕದವರ ಪರಿಚಯ

ರಾಯಚೂರಿನಿಂದಲೋ ಶಿವಮೊಗ್ಗದಿಂದಲೋ ಬೆಂಗಳೂರಿಗೆ ಬಂದಿದ್ದೀರಿ. ಕನ್ನಡದವರೇ ಆದರೂ ಈ ಬೀದಿಗೆ ನೀವು ಹೊಸಬರು. ನಿಮ್ಮ ಕಟ್ಟಡದಲ್ಲೇ ಅಸ್ಸಾಮಿನವರು, ನೇಪಾಳದವರು ಇರಬಹುದು. ಹೊರಗಿನಿಂದ ಬಂದವರ ಮೇಲೆ ಊರಿನವರ ಮನಸ್ಸು ಯಾವಾಗ ಕಹಿಯಾಗುತ್ತದೆ, ಯಾವಾಗ ತಿಳಿಯಾಗುತ್ತದೆ ಅನ್ನೋದು ಗೊತ್ತಿದ್ದರೆ ಒಳ್ಳೆಯದು.

2015ರಲ್ಲಿ ನಿರಾಶ್ರಿತರು ಲಕ್ಷಗಟ್ಟಲೆ ಯುರೋಪಿಗೆ ಹೋದರಲ್ಲ, ಆಗ ಗ್ರೀಸ್‌ನ ದ್ವೀಪಗಳಲ್ಲಿ ದೋಣಿಯಿಂದ ಇಳಿದವರು ಸ್ವಲ್ಪ ದಿನಕ್ಕೇ ಮುಂದೆ ಹೊರಟರು. ಊರಿನವರಿಗೆ ಕಂಡಿದ್ದು ಬರೀ ಗುಂಪು. ಅಲ್ಲಿ ವಲಸಿಗರ ಮೇಲಿನ ಸಿಟ್ಟು ಜಾಸ್ತಿಯಾಯಿತು. ಆಸ್ಟ್ರಿಯಾದಲ್ಲೂ ನಿರಾಶ್ರಿತರು ಸುಮ್ನೆ ಹಾದುಹೋದ ಊರುಗಳಲ್ಲಿ ವಲಸೆ ವಿರೋಧಿ ಪಕ್ಷಕ್ಕೆ ವೋಟು ಏರಿತು. ಅವರು ಉಳಿದು ಬಾಳಿದ ಊರುಗಳಲ್ಲಿ ಅಷ್ಟು ಏರಲಿಲ್ಲ.

ನಮ್ಮ ಬೈಲುಕುಪ್ಪೆಯನ್ನೇ ನೋಡಿ. 1960ರ ಆಸುಪಾಸಿನಲ್ಲಿ ಆಗಿನ ಮೈಸೂರು ಸರ್ಕಾರ ಟಿಬೆಟಿನವರಿಗೆ ಅಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಅವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದಲ್ಲೂ ನೆಲೆಸಿದರು. ಚಳಿಗಾಲದಲ್ಲಿ ಇಲ್ಲಿ ಸ್ವೆಟರ್ ಹರಡಿಕೊಂಡು ಕೂತ ಟಿಬೆಟಿನ ಅಕ್ಕ, "ಕಮ್ಮಿ ಆಗಲ್ಲ ಅಣ್ಣ, ಉಲ್ಲನ್ ಮುಟ್ಟಿ ನೋಡಿ" ಅಂತ ಕನ್ನಡದಲ್ಲೇ ಹೇಳುತ್ತಾರೆ. ಅವರನ್ನು ಯಾರೂ ಹೆದರಿಕೆಯಿಂದ ನೋಡಲ್ಲ, ಅಲ್ವಾ?

ಆದರೆ 2012ರ ಆಗಸ್ಟ್‌ನಲ್ಲಿ ಇದೇ ಬೆಂಗಳೂರಲ್ಲಿ, ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಎಂಬ ಗಾಳಿಸುದ್ದಿ ಮೊಬೈಲಿನಲ್ಲಿ ಹರಡಿತು. ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. "ನಾವಿದ್ದೀವಿ, ಹೋಗಬೇಡಿ" ಅನ್ನುವ ಪಕ್ಕದ ಮನೆಯವರ ಪರಿಚಯ ಇದ್ದಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು ಅಂತ ನಮಗೆ ಅನಿಸುತ್ತದೆ.

ಹಾಗಾಗಿ ಮೊದಲ ವಾರವೇ ಎರಡೂ ಪಕ್ಕದ ಮನೆಗೆ ಹೋಗಿ ಹೆಸರು ಹೇಳಿ, ಅವರ ಹೆಸರು ಕೇಳಿ. ಸಂಕ್ರಾಂತಿಗೆ ಎಳ್ಳು ಬೀರುವಾಗ ಮೇಲಿನ ಪಿಜಿಯ ಹುಡುಗಿಯರನ್ನು ಬಿಡಬೇಡಿ. ಬಂಗಾಳಿ ಮಾತಾಡಿದವರನ್ನೆಲ್ಲ ಬಾಂಗ್ಲಾದೇಶದವರು ಅನ್ನಬೇಡಿ. ಪಶ್ಚಿಮ ಬಂಗಾಳ, ತ್ರಿಪುರಾದವರ ಮಾತೂ ಅದೇ. ಹಾಗೆ ಅನ್ನೋದರಿಂದ ಬಡವರಿಗೆ ಬಾಡಿಗೆ ಮನೆ, ಕೆಲಸ ಎರಡೂ ತಪ್ಪುತ್ತದೆ. ಯಾವುದೋ ಸಮುದಾಯದ ಮೇಲೆ ವಾಟ್ಸಾಪಿನಲ್ಲಿ ಏನಾದರೂ ಬಂದರೆ ಫಾರ್ವರ್ಡ್ ಮಾಡಬೇಡಿ. ನಿಜವಾಗಿಯೂ ಗಲಾಟೆ ಕಂಡರೆ 112ಕ್ಕೆ ಫೋನ್ ಮಾಡಿ.

ನವೆಂಬರ್‌ನಲ್ಲಿ ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ಬರುವಾಗ ನಿಮ್ಮ ಕಟ್ಟಡದ ವಾಚ್‌ಮನ್ ಕುಟುಂಬವನ್ನೂ ಕರೆತನ್ನಿ. ಅವರಿಗೆ ಕನ್ನಡ ಬರದಿದ್ದರೂ ಪರವಾಗಿಲ್ಲ, ಊಟಕ್ಕೆ ನಮ್ಮ ಪಕ್ಕದಲ್ಲೇ ಕೂರಿಸಿ.