ಅವಳಿ ಕೂಸುಗಳಿಗೆ ಅರ್ಧ ದಿನದ ಆಯಾ ಹುಡುಕುವವರಿಗೆ

ಆಯಾ ಬೇಕೆಂದಾಗ ಎಲ್ಲರೂ ಬೆಳಗಿನ ಹೊತ್ತನ್ನೇ ಕೇಳುತ್ತೇವೆ, ಎಣ್ಣೆ-ನೀರಿಗೆಂದು. ನಮಗೆ ನಿಜವಾಗಿ ಇನ್ನೊಂದು ಜೊತೆ ಕೈ ಬೇಕಾಗಿದ್ದು ಸಂಜೆ 5ರಿಂದ 9ರವರೆಗೆ. ಇಬ್ಬರೂ ಒಟ್ಟಿಗೆ ಅಳುವ ಹೊತ್ತು ಅದೇ. ಹಾಗಾಗಿ ಒಂದು ವಾರ ನಿಮ್ಮ ಮನೆಯ ದಿನಚರಿ ಗಮನಿಸಿ, ಆಮೇಲೆ ಸಮಯ ಗೊತ್ತು ಮಾಡಿ.

ನವಜಾತ ಶಿಶು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಇಬ್ಬರೆಂದರೆ ಯಾರು ಕುಡಿದರು, ಯಾರು ಒದ್ದೆ ಮಾಡಿದರು ಎಂಬುದೇ ಕಲಸಿಹೋಗುತ್ತದೆ. ಎರಡು ಬಣ್ಣದ ನೋಟ್‌ಬುಕ್ ಇಡಿ. ಆಯಾಗೆ ಬರೆಯಲು ಬರದಿದ್ದರೆ ಗೆರೆ ಎಳೆದರೂ ಸಾಕು.

ಮೊದಲ ದಿನವೇ ಕೂತು ಮಾತಾಡಿ. ನಮ್ಮ ಮನೆಗೆ ಬಂದ ಅಕ್ಕ ಪ್ರೀತಿಯಿಂದಲೇ ಜೇನುತುಪ್ಪ ನೆಕ್ಕಿಸಲು ಹೊರಟಿದ್ದರು. ವರ್ಷ ತುಂಬುವವರೆಗೆ ಜೇನು ಬೇಡ, ಬೊಟುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯವಿದೆ. ಬಜೆ ತೇಯ್ದು ಕೊಡುವುದು, ಮೂಗಿಗೆ ಎಣ್ಣೆ ಬಿಡುವುದು, ಸಾಂಬ್ರಾಣಿ ಹೊಗೆ ಹಾಕುವುದು ಕೂಡ ಬೇಡ. ಮಲಗಿಸುವುದು ಬೆನ್ನ ಮೇಲೆಯೇ, ದಿಂಬಿಲ್ಲದೆ. ಅತ್ತೆಯವರು, ಅಮ್ಮ ಕೂಡ ಆ ಮಾತಿಗೆ ಜೊತೆಯಲ್ಲಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಆಯಾ ಯಾರ ಮಾತು ಕೇಳಬೇಕು ಪಾಪ?

ಕೆಮ್ಮು, ಜ್ವರ ಬಂದ ದಿನ ಸಂಬಳ ಹಿಡಿಯುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ಸಂಬಳ ಹೋಗುತ್ತದೆಂಬ ಭಯವಿದ್ದರೆ ಯಾರಾದರೂ ಕಾಯಿಲೆ ಮುಚ್ಚಿಟ್ಟುಕೊಂಡೇ ಬರುತ್ತಾರೆ. ಅವಧಿಗೆ ಮುಂಚೆ ಹುಟ್ಟಿದ ಅವಳಿಗಳಿಗಂತೂ ಅದು ತುಂಬಾ ಅಪಾಯ.

ಆಧಾರ್ ಪ್ರತಿ, ಹಿಂದೆ ಕೆಲಸ ಮಾಡಿದ ಮನೆಯವರ ಜೊತೆ ಫೋನಿನಲ್ಲಿ ಮಾತು, ಪೊಲೀಸ್ ಪರಿಶೀಲನೆ, ಇವೆಲ್ಲ ಇದ್ದದ್ದೇ. ಮೊದಲ ಮೂರು ದಿನ ಸಂಬಳ ಕೊಟ್ಟೇ ನಿಮ್ಮ ಕಣ್ಣೆದುರು ಕೆಲಸ ಮಾಡಿಸಿ. ಇಬ್ಬರೂ ಒಟ್ಟಿಗೆ ಅತ್ತಾಗ ಅವರ ಕೈ ಒರಟಾಗುತ್ತದೋ ಮೆತ್ತಗಾಗುತ್ತದೋ, ಅದನ್ನು ನೋಡಿ.